ಎಂಟು ವಾರಗಳ ಸಾವಧಾನತೆಯ ತರಗತಿ: ಮೂರು ತಿಂಗಳ ನಂತರದ ವಿಮರ್ಶೆ

ಆನ್‌ಲೈನ್‌ನಲ್ಲಿ ನಡೆದ ಎಂಟು ವಾರಗಳ ಸಾವಧಾನತೆಯ (ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ಗಮನಿಸುವ ಧ್ಯಾನದ) ತರಗತಿಯೊಂದನ್ನು ಮುಗಿಸಿ ಈಗ ಮೂರು ತಿಂಗಳಾಗಿದೆ. ಮುಗಿದ ಮರುದಿನವೇ ಅಭಿಪ್ರಾಯ ಬರೆದುಕೊಡಿ ಎಂದು ಸಂಸ್ಥೆಯಿಂದ ಸಂದೇಶ ಬಂದಿತ್ತು. ಆಗಲೇ ಬರೆದಿದ್ದರೆ ಕೊನೆಯ ದಿನದ ಹುರುಪು ಬರೆಯುತ್ತಿತ್ತೇ ಹೊರತು ನಾನು ಬರೆದಂತಾಗುತ್ತಿರಲಿಲ್ಲ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇದೇ ಪಠ್ಯಕ್ರಮವನ್ನು ಅನೇಕರು ನಡೆಸುತ್ತಾರಾದ್ದರಿಂದ ನನ್ನ ಹೆಚ್ಚಿನ ಮಾತುಗಳು ಅವೆಲ್ಲಕ್ಕೂ ಅನ್ವಯಿಸಬಹುದು.

ಸೇರುವಾಗ ನನಗೆ ಕಾಯಿಲೆಯೇನೂ ಇರಲಿಲ್ಲ. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಿತ್ತು. ಎಂದೋ ಮುಗಿದುಹೋದ ಜಗಳಕ್ಕೆ ಸ್ನಾನದ ಮನೆಯಲ್ಲಿ ನಿಂತು ಹೊಸ ಹೊಸ ಉತ್ತರಗಳನ್ನು ಹೊಂದಿಸುತ್ತಿದ್ದೆ. ಫೋನು ಸದ್ದು ಮಾಡದಿದ್ದರೂ ಕೈ ತಾನಾಗಿ ಅದರತ್ತ ಹೋಗುತ್ತಿತ್ತು. ಹೀಗಿರುವವನಿಗೆ ‘ಎಂಟೇ ವಾರಗಳಲ್ಲಿ ಶಾಶ್ವತ ಮನಶ್ಶಾಂತಿ’ ಎಂಬ ಜಾಹೀರಾತು ಕಣ್ಣಿಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು.

ಜಾಹೀರಾತಿನ ಆ ಸಾಲು ಶುದ್ಧ ಸುಳ್ಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತರಗತಿಯ ಒಳಗೆ ಯಾರೂ ಆ ಮಾತನ್ನು ಆಡಲಿಲ್ಲ. ಈ ಪಠ್ಯಕ್ರಮದ ಮೂಲರೂಪವನ್ನು 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದವರು ಜಾನ್ ಕಬಟ್-ಜಿನ್. ಅವರ ಮುಂದೆ ಕುಳಿತಿದ್ದವರಲ್ಲಿ ಹಲವರು ಔಷಧೋಪಚಾರದಿಂದ ಪೂರ್ತಿ ಗುಣವಾಗದ ದೀರ್ಘಕಾಲದ ನೋವನ್ನು ಹೊತ್ತು ಬಂದ ರೋಗಿಗಳು. ನೋವನ್ನು ಓಡಿಸುತ್ತೇವೆ ಎಂಬ ಭರವಸೆಯನ್ನು ಅಲ್ಲಿ ಕೊಡುತ್ತಿರಲಿಲ್ಲ. ನೋವಿನೊಡನೆ ಬದುಕುವ ರೀತಿಯನ್ನು ಕಲಿಸುತ್ತಿದ್ದರು. ‘ಸಾವಧಾನ’ ಎಂದರೆ ನಿಧಾನ ಎಂದೇ ನಾವು ಬಳಸಿ ಬಳಸಿ ಅದರೊಳಗಿನ ‘ಅವಧಾನ’ವನ್ನು, ಅಂದರೆ ಗಮನವನ್ನು, ಮರೆತಿದ್ದೇವೆ. ಬೌದ್ಧರ ಪಾಲಿ ಭಾಷೆಯಲ್ಲಿ ಇದಕ್ಕಿರುವ ಪದ ‘ಸತಿ’, ಸಂಸ್ಕೃತದ ‘ಸ್ಮೃತಿ’. ಅಲೆಯಲು ಹೋದ ಮನಸ್ಸಿಗೆ ಮನೆಯ ನೆನಪಾಗುವುದೇ ಇಲ್ಲಿನ ಸ್ಮೃತಿ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಏರ್ಪಾಡು ಹೀಗಿತ್ತು: ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ವಾರದಲ್ಲಿ ಆರು ದಿನ ಮನೆಯಲ್ಲಿ 45 ನಿಮಿಷದ ಅಭ್ಯಾಸ, ಆರು ಮತ್ತು ಏಳನೆಯ ವಾರಗಳ ನಡುವೆ ಒಂದು ಇಡೀ ದಿನದ ಮೌನ. ಈ 45 ನಿಮಿಷವನ್ನು ಲಘುವಾಗಿ ಪರಿಗಣಿಸಿ ಶುಲ್ಕ ಕಟ್ಟಬೇಡಿ. ಅಭ್ಯಾಸ ಮಾಡದೆ ತರಗತಿಗೆ ಮಾತ್ರ ಬರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸೇರಿಸಿಕೊಳ್ಳುವ ಮೊದಲು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಮಾತನಾಡಿಸಿ, ಖಿನ್ನತೆ, ಆಘಾತ, ಈಗ ನಡೆಯುತ್ತಿರುವ ಚಿಕಿತ್ಸೆ ಇವುಗಳ ಬಗ್ಗೆ ಕೇಳಿದ್ದು ನನಗೆ ಮೆಚ್ಚುಗೆಯಾಯಿತು.

ಮೊದಲ ದಿನ ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿ ಇಟ್ಟುಕೊಳ್ಳಲು ಹೇಳಿದರು. ಇದನ್ನು ಈ ಪಠ್ಯಕ್ರಮದ ಎಲ್ಲೆಡೆಯೂ ಮಾಡಿಸುತ್ತಾರೆ; ನನಗೆ ಮಕ್ಕಳಾಟದಂತೆ ಕಂಡಿತು. ಹಿಂದೆಂದೂ ನೋಡದ ವಸ್ತುವೆಂಬಂತೆ ನೋಡಿ ಎಂದರು. ಅದರ ಮೈಮೇಲಿನ ಸುಕ್ಕುಗಳ ನಡುವೆ ಬೆಳಕು ಹಾಯುವ ಕಡೆ ಜೇನಿನ ಬಣ್ಣವಿತ್ತು. ಒಂದು ತುದಿಯಲ್ಲಿ ತೊಟ್ಟು ಕಿತ್ತ ಗುರುತು. ಕಿವಿಯ ಬಳಿ ಹಿಡಿದು ಹಿಸುಕಿದರೆ ಸಣ್ಣದೊಂದು ಸದ್ದು. ಬಾಯಿಯ ಹತ್ತಿರ ತರುತ್ತಿದ್ದಂತೆ, ಇನ್ನೂ ತುಟಿಗೆ ತಾಗುವ ಮೊದಲೇ, ನಾಲಿಗೆಯಡಿ ನೀರೂರಿತು. ಹಣ್ಣು ಬರುವ ಮುನ್ನವೇ ದೇಹ ಅದನ್ನು ತಿನ್ನತೊಡಗಿತ್ತು. ಮಕ್ಕಳಾಟ ಎಂದ ಮಾತನ್ನು ಆ ಕ್ಷಣಕ್ಕೆ ಹಿಂತೆಗೆದುಕೊಂಡೆ.

ಮುಂದಿನ ಅಭ್ಯಾಸ ಮಲಗಿಕೊಂಡು ಎಡಗಾಲಿನ ಬೆರಳುಗಳಿಂದ ನೆತ್ತಿಯವರೆಗೆ ಗಮನವನ್ನು ಒಯ್ಯುವುದು. ಮೊದಲ ಮೂರು ದಿನ ನನ್ನ ಗಮನ ಮೊಣಕಾಲನ್ನು ದಾಟಲಿಲ್ಲ, ನಿದ್ದೆ ಬಂದಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಈ ತರಗತಿಗೆ ನಿಜವಾದ ಬೆಲೆ ಬರುವುದು ಅಭ್ಯಾಸದ ನಂತರ ಶಿಕ್ಷಕಿ ನಡೆಸುವ ಮಾತುಕತೆಯಿಂದ. ಧ್ವನಿಮುದ್ರಿತ ಮಾರ್ಗದರ್ಶನ ಬೇಕಾದಷ್ಟು ಕಡೆ ಪುಕ್ಕಟೆಯಾಗಿಯೇ ಸಿಗುತ್ತದೆ, ಕೇಳುವವರು ಸಿಗುವುದಿಲ್ಲ. ಮೂರನೆಯ ವಾರ ನಾನು ದೂರು ಹೇಳುವ ದನಿಯಲ್ಲಿಯೇ, “ಮೇಡಂ, ಇವತ್ತು ಅಭ್ಯಾಸ ಕೆಟ್ಟುಹೋಯಿತು. ಮೂಗಿನ ಮೇಲೆ ತುರಿಕೆ ಶುರುವಾಗಿ ಬೇರೇನೂ ತೋಚಲಿಲ್ಲ” ಎಂದೆ.

“ತುರಿಸಿಕೊಂಡಿರಾ?”

“ಇಲ್ಲ, ತಡೆದುಕೊಂಡೆ.”

“ಸರಿ. ಅದು ಒಂದೇ ಚುಕ್ಕೆಯಾಗಿತ್ತೋ, ಹರಡಿಕೊಂಡಿತ್ತೋ? ಇದ್ದಲ್ಲೇ ಇತ್ತೋ, ಸರಿದಾಡಿತೋ?”

ನನ್ನ ಬಳಿ ಉತ್ತರವಿರಲಿಲ್ಲ. ತುರಿಕೆಯನ್ನು ನಾನು ನೋಡಿಯೇ ಇರಲಿಲ್ಲ. ‘ತುರಿಕೆ’ ಎಂಬ ಹೆಸರಿನೊಡನೆ, ‘ಇದು ಯಾವಾಗ ಹೋದೀತು’ ಎಂಬ ಪ್ರಶ್ನೆಯೊಡನೆ ಅಷ್ಟು ಹೊತ್ತು ಗುದ್ದಾಡಿದ್ದೆ. ಮರುದಿನ ಅದು ಎಡಹುಬ್ಬಿನ ಮೇಲೆ ಬಂತು. ಮೊದಲು ಸೂಜಿಮೊನೆ ತಾಗಿದಂತೆ, ಆಮೇಲೆ ಬಿಸಿಯಾಗಿ ಹಣೆಯತ್ತ ಹರಡಿ, ಇನ್ನು ತಡೆಯಲಾರೆ ಎನ್ನುವಷ್ಟು ಏರಿ, ಯಾವಾಗ ಇಳಿಯಿತು ಎಂಬುದೇ ತಿಳಿಯದಂತೆ ಇಳಿದುಹೋಯಿತು. ಅದರ ನಂತರದ ದಿನ ತುರಿಕೆ ಬರಲಿಲ್ಲವೆಂದು ನನಗೆ ನಿರಾಸೆಯಾಯಿತು ಎಂದರೆ ನಗಬೇಡಿ.

ಇಷ್ಟು ಚಿಕ್ಕ ಸಂಗತಿಯನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣವಿದೆ. ಐದನೆಯ ವಾರದಲ್ಲೊಮ್ಮೆ ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತಿದ್ದಾಗ ಕಿವಿಯ ತುದಿ ಬಿಸಿಯಾಗಿ, ಗಂಟಲು ಬಿಗಿಯುತ್ತಿರುವುದು ಅದೇ ಬಗೆಯಲ್ಲಿ ಅರಿವಿಗೆ ಬಂತು. ಸಿಟ್ಟು ಬಂದಿದೆ ಎಂದು ತಿಳಿಯುವ ಮೊದಲೇ ಸಿಟ್ಟಿನ ಮೈ ಕಾಣಿಸಿತ್ತು. ಹಾಗೆಂದು ನಾನು ಸಾಧುವಾಗಲಿಲ್ಲ. ಆಡಬಾರದ ಮಾತನ್ನು ಆಡಿಯೇ ಆಡಿದೆ. ಆದರೆ ಅದರ ಹಿಂದೆಯೇ ಸಾಲುಗಟ್ಟಿ ನಿಂತಿದ್ದ ಎರಡನೆಯ ಮಾತು ಹೊರಗೆ ಬರಲಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಮನಶ್ಶಾಂತಿ ಎಂಬುದು ಆ ಬಾರದ ಎರಡನೆಯ ಮಾತಿನಷ್ಟೇ ಗಾತ್ರದ್ದು.

ಮನಸ್ಸು ಅಲೆಯುವುದನ್ನು ತಪ್ಪೆಂದು ಶಿಕ್ಷಕಿ ಒಮ್ಮೆಯೂ ಹೇಳಲಿಲ್ಲ. 2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2,250 ಮಂದಿಯನ್ನು ಫೋನಿನ ಮೂಲಕ ಹೊತ್ತುಹೊತ್ತಿಗೆ ವಿಚಾರಿಸಿದಾಗ, ಕೇಳಿದ ಸಂದರ್ಭಗಳಲ್ಲಿ ಶೇಕಡ 46.9ರಲ್ಲಿ ಮನಸ್ಸು ಕೈಯಲ್ಲಿರುವ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಹಿತವಾದ ವಿಷಯಕ್ಕೆ ಅಲೆದಾಗಲೂ, ಮಾಡುತ್ತಿದ್ದುದರಲ್ಲೇ ಇದ್ದಾಗಿನದಕ್ಕಿಂತ ಹೆಚ್ಚಿನ ಸಂತೋಷವೇನೂ ಕಂಡಿರಲಿಲ್ಲ. ಈ ಅಂಕಿಯನ್ನು ಕೇಳಿ ನನಗೆ ಸಮಾಧಾನವೇ ಆಯಿತು. ಅಲೆಮಾರಿ ನಾನೊಬ್ಬನೇ ಅಲ್ಲ.

ಮೌನದ ದಿನದ ಬಗ್ಗೆ ನನಗಿದ್ದ ಭಯ ಸುಳ್ಳಾಯಿತು. ಬೆಳಗ್ಗೆ ಬೇಸರ, ಮಧ್ಯಾಹ್ನ ಬೆನ್ನುನೋವು, ಆಮೇಲೆ ಯಾರ ಮೇಲೆಂದು ತಿಳಿಯದ ಕೋಪ ಬಂದು ಹೋದವು. ಸಂಜೆಯ ಹೊತ್ತಿಗೆ ಕೋಣೆಯ ಗೋಡೆಯ ಮೇಲೆ ಬಿಸಿಲು ಸರಿಯುತ್ತಿರುವುದನ್ನು ನೋಡುತ್ತ ಕುಳಿತಿದ್ದೆ, ಮತ್ತು ಅದು ಸಾಕಾಗಿತ್ತು. ಆದರೆ ಇಡೀ ದಿನ ಪರದೆಯ ಮುಂದೆ ಕುಳಿತು ಮಾಡುವ ಮೌನಕ್ಕೂ ಒಂದೇ ಕೋಣೆಯಲ್ಲಿ ಇತರರ ಜೊತೆ ಕುಳಿತು ಮಾಡುವ ಮೌನಕ್ಕೂ ವ್ಯತ್ಯಾಸ ಇರಲೇಬೇಕು. ಅವಕಾಶವಿದ್ದವರು ಎರಡನೆಯದನ್ನು ಆರಿಸಿಕೊಳ್ಳುವುದು ಲೇಸು.

ಇನ್ನು ಕೊರತೆಗಳು. ತರಗತಿಯ ಜೊತೆಗೆ ಕೊಡುವ ಆ್ಯಪ್ ಈ ಇಡೀ ವ್ಯವಸ್ಥೆಗೆ ಅಂಟಿದ ಮಸಿ. ಸತತವಾಗಿ ಎಷ್ಟು ದಿನ ಕುಳಿತಿರಿ ಎಂಬುದನ್ನು ಅದು ಎಣಿಸುತ್ತದೆ; ಒಂದು ದಿನ ತಪ್ಪಿದರೆ ಎಣಿಕೆ ಸೊನ್ನೆಗೆ ಬರುತ್ತದೆ. ನಾಲ್ಕನೆಯ ವಾರ ಜ್ವರದಿಂದ ಮಲಗಿದ್ದಾಗ, ‘ನಿಮ್ಮ 23 ದಿನಗಳ ಸಾಧನೆ ಕೈತಪ್ಪಿದೆ’ ಎಂಬ ಸಂದೇಶ ಬಂತು. ಈ ಕ್ಷಣದಲ್ಲಿರಿ ಎಂದು ಕಲಿಸಬೇಕಾದದ್ದು ನಿನ್ನೆಯ ಲೆಕ್ಕ ಹಿಡಿದು ಕುಳಿತರೆ ಅದನ್ನು ಏನೆನ್ನಬೇಕು? ಧ್ವನಿಮುದ್ರಿಕೆಗಳ ಹಿನ್ನೆಲೆಯಲ್ಲಿ ಕಡಲಿನ ಅಲೆಗಳ ಸದ್ದನ್ನು ಸೇರಿಸಿದ್ದಾರೆ. ಅದು ನಾಲ್ಕು ನಿಮಿಷಕ್ಕೊಮ್ಮೆ ಕತ್ತರಿಸಿದಂತೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮತ್ತು ಒಮ್ಮೆ ಗಮನಿಸಿದ ಮೇಲೆ ಗಮನಿಸದಿರಲು ಸಾಧ್ಯವಿಲ್ಲ. ಕೊನೆಯಲ್ಲಿ ಬಾರಿಸುವ ಗಂಟೆಯಂತೂ ನಾಲ್ಕು ಮನೆಗಳಿಗೆ ಕೇಳಿಸುವಷ್ಟು ಜೋರು.

‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತನ್ನೂ ಅಳೆದು ನೋಡಬೇಕು. 2014ರಲ್ಲಿ ಗೋಯಲ್ ಎಂಬ ಸಂಶೋಧಕ ಮತ್ತು ಸಂಗಡಿಗರು ಧ್ಯಾನದ ಕುರಿತ, 3,515 ಮಂದಿ ಭಾಗವಹಿಸಿದ್ದ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಆತಂಕ, ಖಿನ್ನತೆ ಮತ್ತು ನೋವು ಸ್ವಲ್ಪ ಮಟ್ಟಿಗೆ ಇಳಿಯುತ್ತವೆ ಎಂಬುದಕ್ಕೆ ಮಧ್ಯಮ ದರ್ಜೆಯ ಪುರಾವೆಯಿದೆ ಎಂದರು. ವ್ಯಾಯಾಮ, ಔಷಧಿ ಮುಂತಾದ ಇತರ ಚಿಕಿತ್ಸೆಗಳಿಗಿಂತ ಧ್ಯಾನ ಮೇಲೆಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಆದುದರಿಂದ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಇಲ್ಲಿಗೆ ಬರುವ ಆಲೋಚನೆ ಯಾರಿಗಾದರೂ ಇದ್ದರೆ ಅದನ್ನು ಇಲ್ಲಿಯೇ ಬಿಡಬೇಕು.

ಧ್ಯಾನದಿಂದ ಎಲ್ಲರಿಗೂ ಹಿತವೇ ಆಗುತ್ತದೆ ಎಂಬುದೂ ನಿಜವಲ್ಲ. ನಮ್ಮ ಗುಂಪಿನ ಒಬ್ಬರಿಗೆ ಉಸಿರನ್ನು ಗಮನಿಸತೊಡಗಿದಾಗಲೆಲ್ಲ ಉಸಿರು ಕಟ್ಟಿದಂತಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಶಿಕ್ಷಕಿ ಕಣ್ಣು ತೆರೆದೇ ಕುಳಿತುಕೊಳ್ಳಿ ಎಂದರು. ಉಸಿರನ್ನು ಬಿಟ್ಟು ಪಾದಗಳು ನೆಲಕ್ಕೆ ತಾಗಿರುವುದನ್ನೋ ಹೊರಗಿನ ಸದ್ದುಗಳನ್ನೋ ಗಮನಿಸಲು ಹೇಳಿ, ಬೇಕೆನಿಸಿದಾಗ ಎದ್ದು ಹೋಗಬಹುದೆಂದೂ ತಿಳಿಸಿದರು. ಧ್ವನಿಮುದ್ರಿಕೆಯನ್ನು ಮಾತ್ರ ನಂಬಿ ಕುಳಿತಿದ್ದರೆ ಆ ವ್ಯಕ್ತಿ ತಮ್ಮದೇ ದೋಷವೆಂದು ಹಲ್ಲು ಕಚ್ಚಿ ಮುಂದುವರಿಸುತ್ತಿದ್ದರೇನೋ. ಶಿಕ್ಷಕರ ತರಬೇತಿಯ ಬಗ್ಗೆ, ಇಂತಹ ಸಂದರ್ಭವನ್ನು ಹೇಗೆ ನಿಭಾಯಿಸುತ್ತಾರೆಂಬುದರ ಬಗ್ಗೆ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ನಾಲ್ಕೂ ಶಿಕ್ಷಕಿಗೆ ಸೇರಬೇಕಾದವು. ‘ಮುಂದುವರಿದ ಹಂತ’ಕ್ಕೆ ಸೇರಿ ಎಂದು ಈಗಲೂ ವಾರಕ್ಕೊಂದು ಸಂದೇಶ ಬರುತ್ತದೆ, ಮೊದಲ ಹಂತದ ಅಭ್ಯಾಸವೇ 45 ನಿಮಿಷದಿಂದ ಇಪ್ಪತ್ತಕ್ಕೆ ಇಳಿದಿರುವಾಗ ನಾನು ಸೇರಿಲ್ಲ. ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದ್ದೇನೆ. ಧ್ವನಿಮುದ್ರಿಕೆಯೊಂದನ್ನು ಮಾತ್ರ ಉಳಿಸಿಕೊಂಡು, ಕೊನೆಯ ಗಂಟೆ ಬಾರಿಸುವ ಮೊದಲೇ ಕೈ ಚಾಚಿ ಸದ್ದು ತಗ್ಗಿಸುತ್ತೇನೆ. ಹಾಗೆ ಕೈ ಚಾಚುವ ಹೊತ್ತು ಬಂತೇ ಎಂದು ಕಾಯುತ್ತ ಕೊನೆಯ ಎರಡು ನಿಮಿಷ ದಿನವೂ ವ್ಯರ್ಥವಾಗುತ್ತಿವೆ.