ಗೋಡೆಯೊಳಗಿನ ವೈರ್: ದಾವಣಗೆರೆಯ ನಮ್ಮ ಮನೆಯಲ್ಲಿ ಎಂಟೊಂಬತ್ತು ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೆಳಮನೆಗೆ ಹಾಕಿಸಿದ್ದು ಫಿನೊಲೆಕ್ಸ್ ಎಫ್‌ಆರ್ (ಬೆಂಕಿ ಬೇಗ ಹಬ್ಬದ ಕವಚದ) ತಾಮ್ರದ ವೈರ್, ಇಷ್ಟು ವರ್ಷದಲ್ಲಿ ಒಂದು ಪಾಯಿಂಟ್ ಕೂಡ ಸುಟ್ಟಿಲ್ಲ. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಆದರೆ ಬರೀ ಕಂಪನಿ ಹೆಸರು ನೋಡಿ ಕೊಟ್ಟ ಸ್ಟಾರ್ ಅಲ್ಲ ಇದು. ಅದೇ ಮನೆಯ ಮೇಲಿನ ಅಂತಸ್ತಿನಲ್ಲಿ ಬೇರೆ ವೈರ್ ಇತ್ತು, ಎರಡನ್ನೂ ಒಂದೇ ಬಿಸಿಲು, ಒಂದೇ ಬೆಸ್ಕಾಂ ಲೈನ್ ಕೆಳಗೆ ವರ್ಷಗಟ್ಟಲೆ ನೋಡಿದ್ದೇನೆ. ಹೊಸ ಮನೆ ಕಟ್ಟಿಸುವವರಿಗೆ ಆ ಹೋಲಿಕೆ ಉಪಯೋಗಕ್ಕೆ ಬರಬಹುದು.

ನಾವು ವಿದ್ಯಾನಗರದ ಕಡೆ ಹಳೇ ಮನೆ ಕೊಂಡಾಗ ಕೆಳಮನೆಯ ವೈರಿಂಗ್ ಪೂರ್ತಿ ಹಳತಾಗಿತ್ತು, ಎಲ್ಲಾ ಕಿತ್ತು ಹೊಸದಾಗಿ ಮಾಡಿಸಿದೆವು. ಮೇಲ್ಮನೆ ಹೊಸದು, ಹಿಂದಿನ ಮಾಲೀಕರು ಆಗಷ್ಟೇ ಕಟ್ಟಿಸಿದ್ದು, "ವೈರಿಂಗ್ ಸಮೇತ" ಅಂತ ಸ್ಕ್ವೇರ್ ಫೀಟ್ ಲೆಕ್ಕದಲ್ಲಿ ಕಾಂಟ್ರಾಕ್ಟ್ ಕೊಟ್ಟು ಮುಗಿಸಿದ್ದು. ನೋಡಲು ಎಲ್ಲಾ ಚೆಂದ. ಬಿಳಿ ಸ್ವಿಚ್ಚು, ಮಾಡ್ಯುಲರ್ ಪ್ಲೇಟು, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಾಕ್ಸ್. ಒಳಗೆ ಯಾವ ವೈರ್ ಇದೆ ಅಂತ ಹೊರಗಿಂದ ಯಾರಿಗೆ ಗೊತ್ತಾಗುತ್ತೆ?

ನಮ್ಮ ಸೋದರಮಾವ ಹಿಂದೆ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಮಿಲ್ಲುಗಳು ಓಡುತ್ತಿದ್ದ ಕಾಲದಲ್ಲಿ. ಕೆಳಮನೆ ಕೆಲಸಕ್ಕೆ ಅವರೇ ಮುಂದೆ ನಿಂತರು. ಅಂಗಡಿಗೆ ಹೋಗುವ ಮುಂಚೆ ಅವರು ಮಾಡಿಸಿದ ಮೊದಲ ಕೆಲಸ ಒಂದು ಕಾಗದದಲ್ಲಿ ಯಾವ ಕೋಣೆಯಲ್ಲಿ ಏನು ಓಡುತ್ತೆ ಅಂತ ಬರೆಯೋದು. ಗೀಸರ್ ಎಷ್ಟು ವ್ಯಾಟ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಮುಂದೆ ಎಸಿ ಹಾಕಿಸುವ ಯೋಚನೆ ಇದೆಯಾ, ಬೋರ್ ಮೋಟರ್ ಎಲ್ಲಿಂದ ಬರುತ್ತೆ. "ವೈರ್ ಆಮೇಲೆ ತಗೊಳ್ಳೋಣ ತಮ್ಮಾ, ಮೊದ್ಲು ಲೋಡ್ ಬರಿ" ಅಂದರು. ನಮ್ಮ ಕಡೆ ಬಹಳ ಜನ ಇದನ್ನು ಮಾಡೋದೇ ಇಲ್ಲ, ಮೇಸ್ತ್ರಿ ಹೇಳಿದಷ್ಟು ಕಾಯಿಲ್ ತಂದುಕೊಡುತ್ತಾರೆ ಅಷ್ಟೇ.

ಆ ಪಟ್ಟಿ ನೋಡಿ ಅವರು ಆರಿಸಿದ್ದು ಹೀಗೆ: ಲೈಟು ಫ್ಯಾನಿಗೆ ಒಂದೂವರೆ ಸ್ಕ್ವೇರ್ ಎಂಎಂ (ಒಳಗಿನ ತಾಮ್ರದ ದಪ್ಪದ ಅಳತೆ), ಅಡುಗೆಮನೆ ಮತ್ತು ಬೇರೆ ಪವರ್ ಪ್ಲಗ್‌ಗಳಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ ತಲಾ ಬೇರೆ ಲೈನು, ಅದು ನಾಲ್ಕು. ಮೀಟರಿನಿಂದ ಒಳಗಿನ ಬಾಕ್ಸಿಗೆ ಆರಕ್ಕಿಂತ ಕಡಿಮೆ ಬೇಡ ಅಂದರು. ಲೈಟಿಗೆ ಒಂದು ಸ್ಕ್ವೇರ್ ಎಂಎಂ ಕೂಡ ಸಾಕಾಗುತ್ತೆ, ಆದರೆ ಮುಂದೆ ಯಾರಾದರೂ ಅದೇ ಬೋರ್ಡಿನಿಂದ ಪ್ಲಗ್ ಎಳೆದುಬಿಡುತ್ತಾರೆ ಅನ್ನೋದು ಅವರ ಭಯ. ಆ ಭಯ ಸರಿಯೇ. ಎರಡು ವರ್ಷಕ್ಕೇ ಹಾಗೆ ಎಳೆಯುವ ಸಂದರ್ಭ ಬಂತು.

ವೈರ್ ದಪ್ಪ ಯಾಕೆ ಇಷ್ಟು ಮುಖ್ಯ ಅಂತ ಒಂದು ಲೆಕ್ಕ ಹಾಕಿ ನೋಡಿ. ಮೂರು ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಎಂಸಿಬಿ ಬಾಕ್ಸಿನಿಂದ ಬಚ್ಚಲಿಗೆ ಪೈಪ್ ದಾರಿ 20 ಮೀಟರ್ ಅಂದುಕೊಳ್ಳಿ, ಹೋಗಿ ಬರಲು 40 ಮೀಟರ್ ವೈರ್. ಐಎಸ್ 694 (ಇಂಥ ವೈರಿನ ಭಾರತೀಯ ಮಾನದಂಡ) ಪ್ರಕಾರದ ಫ್ಲೆಕ್ಸಿಬಲ್ ತಾಮ್ರದ ವೈರಿನಲ್ಲಿ ಒಂದೂವರೆಗೆ ಕಿಲೋಮೀಟರಿಗೆ ಹೆಚ್ಚೆಂದರೆ 13.3 ಓಮ್, ಎರಡೂವರೆಗೆ 7.98, ನಾಲ್ಕಕ್ಕೆ 4.95. ಈ ಲೆಕ್ಕದಲ್ಲಿ ಒಂದೂವರೆ ವೈರ್ ಹಾಕಿದರೆ ಗೋಡೆಯೊಳಗೇ ಸುಮಾರು 90 ವ್ಯಾಟ್ ಬಿಸಿಯಾಗಿ ಹೋಗುತ್ತದೆ, ನಾಲ್ಕು ಹಾಕಿದರೆ 34 ವ್ಯಾಟ್ ಆಸುಪಾಸು. ಆ 90 ವ್ಯಾಟಿಗೂ ನೀವೇ ಬಿಲ್ ಕಟ್ಟುತ್ತೀರಿ, ನೀರೂ ಕಾಯುವುದಿಲ್ಲ, ಗೋಡೆ ಕಾಯುತ್ತದೆ.

ಇದರ ಜೊತೆ ನಮ್ಮ ಊರಿನ ಬಿಸಿಲು ಸೇರಿಸಿ. ಸಾಮಾನ್ಯ ಪಿವಿಸಿ ಕವಚದ ವೈರಿನೊಳಗಿನ ತಾಮ್ರ 70 ಡಿಗ್ರಿ ದಾಟಬಾರದು. ಏಪ್ರಿಲ್‌ನಲ್ಲಿ ಪಶ್ಚಿಮದ ಗೋಡೆ ಸಂಜೆ ಹೊತ್ತಿಗೆ 40 ಡಿಗ್ರಿಗೆ ಬಂದು ನಿಂತಿದ್ದರೆ ವೈರಿಗೆ ಬಿಸಿಯಾಗಲು ಉಳಿದಿರುವುದು 30 ಡಿಗ್ರಿ ಮಾತ್ರ. ಕ್ಯಾಟಲಾಗಿನಲ್ಲಿ ಇಷ್ಟು ಆಂಪಿಯರ್ ತಡೆಯುತ್ತದೆ ಅಂತ ಬರೆದಿರುವುದು ಒಂದು ನಿಗದಿಯಾದ ತಾಪಮಾನಕ್ಕೆ, ಕೆಲವೇ ವೈರ್ ಇರುವ ಪೈಪಿಗೆ. ಒಂದೇ ಪೈಪಿನಲ್ಲಿ ಎಂಟು ಹತ್ತು ವೈರ್ ತುರುಕಿದರೆ ಆ ಅಂಕಿ ಗಣನೀಯವಾಗಿ ಇಳಿಯುತ್ತದೆ. ಕೆಳಮನೆಗೆ ವೈರ್ ಎಳೆದ ಎಲೆಕ್ಟ್ರಿಷಿಯನ್ ಅಣ್ಣ ಪೈಪಿನಲ್ಲಿ ಅರ್ಧದಷ್ಟು ಜಾಗ ಖಾಲಿ ಬಿಡಬೇಕು ಅಂತ ಹಟ ಹಿಡಿದ, ಅದಕ್ಕೆ ಎರಡು ಕಡೆ ಗೋಡೆ ಮತ್ತೆ ಕಟಿಂಗ್ ಮಾಡಿಸಬೇಕಾಯಿತು. ಗಾರೆಯವರು ಗೊಣಗಿದರು. ನನಗೆ ಮಾತ್ರ ಆ ಖರ್ಚಿನ ಬಗ್ಗೆ ಈಗಲೂ ಬೇಜಾರಿಲ್ಲ, ಯಾಕಂದರೆ ಆಮೇಲೆ ಇಂಟರ್‌ನೆಟ್ ಕಡೆಯ ಬದಲಾವಣೆ, ಯುಪಿಎಸ್ ಲೈನು ಎಲ್ಲಾ ಗೋಡೆ ಒಡೆಯದೆ ಆಯಿತು.

ಇನ್ನು ಮೇಲ್ಮನೆ. ಬಾಡಿಗೆಯವರು ಬಂದು ಎರಡನೇ ಚಳಿಗಾಲಕ್ಕೆ ಗೀಸರ್ ಹಾಕಿದಾಗಲೆಲ್ಲಾ ಸುಟ್ಟ ವಾಸನೆ ಅಂದರು. ಪ್ಲಗ್ ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ವೈರಿನ ತುದಿಯ ಕವಚ ಗಟ್ಟಿಯಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಎಳೆದು ನೋಡಿದರೆ ಅದು ಒಂದೂವರೆ ವೈರ್. ಮೈಮೇಲೆ ಕಂಪನಿ ಹೆಸರಿಲ್ಲ, ಐಎಸ್‌ಐ ಗುರುತಿಲ್ಲ, ಏನೂ ಇಲ್ಲ. ಎಳೆಗಳನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡಿತು. ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಇನ್ನೂ ಭಯವಾಗಿದ್ದು ಬಾಕ್ಸ್ ತೆಗೆದಾಗ. ಆ ಲೈನಿಗೆ 16ರ ಬದಲು 32 ಆಂಪಿಯರ್ ಎಂಸಿಬಿ ಹಾಕಿದ್ದರು. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ಬದಲಿಸಿರಬೇಕು.

ಎಂಸಿಬಿ ಇರುವುದು ಗೀಸರ್ ಕಾಪಾಡಲು ಅಲ್ಲ, ಗೋಡೆಯೊಳಗಿನ ವೈರ್ ಕಾಪಾಡಲು. ವೈರ್ ತಡೆಯುವ ಕರೆಂಟಿಗಿಂತ ದೊಡ್ಡ ಎಂಸಿಬಿ ಹಾಕಿದರೆ ಮೊದಲು ಸುಡುವುದು ವೈರ್, ಎಂಸಿಬಿ ಸುಮ್ನೆ ನೋಡುತ್ತಾ ಕೂರುತ್ತದೆ. ಟ್ರಿಪ್ ಆದರೆ ಕಾರಣ ಹುಡುಕಿ, ದೊಡ್ಡದು ತಂದು ಹಾಕಬೇಡಿ. ಲೈಟ್ ಲೈನಿಗೆ 6 ಅಥವಾ 10, ಎರಡೂವರೆಯ ಪವರ್ ಲೈನಿಗೆ 16, ಇಷ್ಟರ ಮೇಲೆ ಹೋಗುವ ಮುಂಚೆ ಬಲ್ಲವರನ್ನು ಕೇಳಿ.

ಮಾವ ಆ ಸುಟ್ಟ ಪ್ಲಗ್ ಕೈಯಲ್ಲಿ ಹಿಡಿದು ಹೇಳಿದ ಮಾತು ನನಗೆ ಬಹಳ ಕಲಿಸಿತು. ವೈರ್ ಹಾಳಾಗುವುದು ಹೆಚ್ಚಾಗಿ ತುದಿಯಲ್ಲಿ, ನಡುವೆ ಅಲ್ಲ ಅಂದರು. ಸ್ಕ್ರೂ ಸಡಿಲ ಇದ್ದರೆ ಅಲ್ಲಿ ತಡೆ ಜಾಸ್ತಿ, ತಡೆ ಇದ್ದಲ್ಲಿ ಬಿಸಿ, ಬಿಸಿಗೆ ಸ್ಕ್ರೂ ಇನ್ನಷ್ಟು ಸಡಿಲ. ಅಲ್ಯೂಮಿನಿಯಂ ಆದರೆ ಇದು ಬೇಗ ಆಗುತ್ತದೆ, ಯಾಕಂದರೆ ಅದು ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಮೇಲೆ ಕರೆಂಟ್ ಬಿಡದ ಪದರವೂ ಕಟ್ಟುತ್ತದೆ. ಒಳ್ಳೇ ತಾಮ್ರದ ವೈರ್ ತಂದೂ ತುದಿ ಕೆಟ್ಟದಾಗಿ ಕಟ್ಟಿದರೆ ಅದೇ ಗತಿ. ಸ್ವಿಚ್ಚಿನ ತೂತಿಗೆ ದಪ್ಪ ವೈರ್ ಹೋಗಲಿಲ್ಲ ಅಂತ ಕೆಲವು ಎಳೆ ಕತ್ತರಿಸಿ ಹಾಕುವವರನ್ನು ನಾನೇ ನೋಡಿದ್ದೇನೆ. ನಾಲ್ಕರ ದುಡ್ಡು ಕೊಟ್ಟು ಎರಡೂವರೆ ಕೆಲಸ ಮಾಡಿಸಿದ ಹಾಗೆ ಅದು. ಪೈಪಿನ ನಡುವೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಅಂತೂ ಬೇಡವೇ ಬೇಡ. ಜಾಯಿಂಟ್ ಬೇಕಾದರೆ ಬಿಚ್ಚಿ ನೋಡಲು ಆಗುವ ಬಾಕ್ಸಿನಲ್ಲಿರಲಿ. ನಮ್ಮ ಕೆಳಮನೆಯಲ್ಲಿ ಗೀಸರ್, ಎಸಿ ಮತ್ತು ಮೇನ್ ಲೈನಿನ ತುದಿಗಳಿಗೆ ಲಗ್ (ವೈರ್ ತುದಿಗೆ ತೊಡಿಸುವ ಲೋಹದ ಟೋಪಿ) ಹಾಕಿ ಒತ್ತಿಸಿದ್ದೆವು. ಆಗಾಗ ಮೇನ್ ಆಫ್ ಮಾಡಿಸಿ ಬಾಕ್ಸಿನ ಸ್ಕ್ರೂಗಳನ್ನು ಎಲೆಕ್ಟ್ರಿಷಿಯನ್ ಕೈಲಿ ಬಿಗಿ ಮಾಡಿಸುತ್ತೇನೆ.

ಕೊಳ್ಳುವಾಗ ನೋಡಬೇಕಾದ್ದು ಹೇಳುತ್ತೇನೆ. ವೈರಿನ ಮೈಮೇಲೆ ಐಎಸ್ 694, ಅಳತೆ, ಕಂಪನಿ ಹೆಸರು ಇರಬೇಕು. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಯಾಕೆ. ಆಮೇಲೆ ತೂಕ. ಎರಡೂವರೆಯ 90 ಮೀಟರ್ ಕಾಯಿಲ್‌ನಲ್ಲಿ ತಾಮ್ರವೇ ಸುಮಾರು ಎರಡು ಕೆಜಿ ಇರಬೇಕು, ಒಂದೂವರೆಯಲ್ಲಿ ಒಂದು ಕೆಜಿ 200 ಗ್ರಾಂ ಹತ್ತಿರ. ಮೇಲಿನ ಪಿವಿಸಿ ತೂಕ ಬೇರೆ. ಕವಚ ಸೇರಿಯೂ ಎರಡು ಕೆಜಿ ಮುಟ್ಟದ ಎರಡೂವರೆ ಕಾಯಿಲ್ ಸಿಕ್ಕರೆ ವಾಪಸ್ ಕೊಟ್ಟು ಬನ್ನಿ. ಎಳೆ ಎಣಿಸಿ ಮೋಸ ಹಿಡಿಯಬಹುದು ಅಂತ ಕೆಲವರು ಹೇಳುತ್ತಾರೆ, ಆದರೆ ಎಳೆಯ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಬರೀ ಎಣಿಕೆ ನಂಬಬೇಡಿ.

ರೇಟಿನ ಬಗ್ಗೆ ಒಂದು ಮಾತು. ತಾಮ್ರದ ಬೆಲೆ ಏರಿದ ಹಾಗೆ ವೈರಿನ ಬೆಲೆ ಏರುತ್ತಿರುತ್ತದೆ. ಚಿತ್ರದುರ್ಗದ ಪಕ್ಕ ಇಂಗಳದಾಳಿನಲ್ಲಿ ಒಂದು ಕಾಲಕ್ಕೆ ತಾಮ್ರದ ಅದಿರನ್ನೇ ಅಗೆದು ತೆಗೆಯುತ್ತಿದ್ದರು, ಅಲ್ಲಿನ ಗೆಳೆಯರೊಬ್ಬರು ಹೊಸ ಮನೆಗೆ ವೈರ್ ರೇಟ್ ಕೇಳಿ ಬಂದಾಗ ನಮ್ಮ ಮಾತು ಅದೇ ಕಡೆ ಹೋಗಿತ್ತು. ಇರಲಿ. ಎಲ್ಲರಿಗಿಂತ ತುಂಬಾ ಕಡಿಮೆಗೆ ಕೊಡುತ್ತೇನೆ ಅನ್ನುವ ಅಂಗಡಿಯವನಿಗೆ ತಾಮ್ರ ಮಾತ್ರ ಅಗ್ಗಕ್ಕೆ ಸಿಗುವುದಿಲ್ಲ ಅಲ್ವಾ? ಹ್ಯಾವೆಲ್ಸ್, ಪಾಲಿಕ್ಯಾಬ್, ವಿ-ಗಾರ್ಡ್, ಆರ್‌ಆರ್ ಕೇಬಲ್ ಇವೆಲ್ಲಾ ಇದೇ ಐಎಸ್ 694 ವೈರ್ ಮಾಡುತ್ತವೆ. ನಾನು ಫಿನೊಲೆಕ್ಸ್ ತಗೊಂಡಿದ್ದು ಮಾವನಿಗೆ ಅಭ್ಯಾಸ ಇತ್ತು, ಆಗ ಎಲ್ಲಾ ಬಣ್ಣದ ಕಾಯಿಲ್ ಒಂದೇ ಅಂಗಡಿಯಲ್ಲಿ ಸಿಕ್ಕಿತು ಅಂತ. ಪೈಪಿನಲ್ಲಿ ಎಳೆಯುವಾಗ ಸಲೀಸಾಗಿ ಹೋಯಿತು, ಕವಚ ತರಚಲಿಲ್ಲ. ಮೊನ್ನೆ ಒಂದು ಬೋರ್ಡ್ ತೆಗೆದು ಬಾಗಿಸಿ ನೋಡಿದೆ, ಈಗಲೂ ಮೆತ್ತಗಿದೆ, ಬಿರುಕಿಲ್ಲ.

ಬಣ್ಣದ ವಿಷಯದಲ್ಲಿ ರಾಜಿ ಬೇಡ. ಫೇಸಿಗೆ (ಕರೆಂಟ್ ತರುವ ವೈರ್) ಕೆಂಪು, ಹಳದಿ ಇಲ್ಲವೇ ನೀಲಿ, ನ್ಯೂಟ್ರಲ್ಲಿಗೆ (ಕರೆಂಟ್ ವಾಪಸ್ ಹೋಗುವ ವೈರ್) ಕಪ್ಪು, ಅರ್ತಿಂಗಿಗೆ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವೈರ್) ಹಸಿರು. ಮಿಕ್ಕ ಹಸಿರು ವೈರ್ ಇದೆ ಅಂತ ಅದನ್ನು ಸ್ವಿಚ್ ಲೈನಿಗೆ ಹಾಕಿದರೆ ಮುಂದೆ ರಿಪೇರಿಗೆ ಬರುವವನ ಜೀವಕ್ಕೆ ಅಪಾಯ. ಸ್ವಿಚ್ಚು ಫೇಸಿನಲ್ಲೇ ಇರಬೇಕು. ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿದರೆ ಬಲ್ಬ್ ಆರಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ.

ಎಫ್‌ಆರ್ ಅಂದರೆ ಬೆಂಕಿ ಹತ್ತುವುದೇ ಇಲ್ಲ ಅಂತ ತಿಳಿಯಬೇಡಿ. ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಪರ್ಸೆಂಟ್. ಈ ಕವಚ ಉರಿಯುತ್ತಲೇ ಇರಲು ಕನಿಷ್ಠ 29 ಪರ್ಸೆಂಟ್ ಬೇಕು. ಹಾಗಾಗಿ ಕಿಡಿ ತಗುಲಿದರೂ ಉರಿ ತಾನೇ ಹಬ್ಬುವುದು ಕಷ್ಟ. ಓವರ್‌ಲೋಡ್ ಆದರೆ ಅದೂ ಕರಗುತ್ತದೆ, ಹೊಗೆ ಬರುತ್ತದೆ. ಎಫ್‌ಆರ್‌ಎಲ್‌ಎಸ್‌ಎಚ್ ಅಂತ ಬರುವುದರಲ್ಲಿ ಹೊಗೆ ಮತ್ತು ವಿಷಗಾಳಿ ಕಡಿಮೆ, ರೇಟ್ ಸ್ವಲ್ಪ ಜಾಸ್ತಿ.

ವೈರ್ ಎಷ್ಟೇ ಒಳ್ಳೇದಿದ್ದರೂ ಮನುಷ್ಯನನ್ನು ಕಾಪಾಡುವುದು ಅರ್ತಿಂಗ್ ಮತ್ತು ಆರ್‌ಸಿಸಿಬಿ. ಆರ್‌ಸಿಸಿಬಿ ಅಂದರೆ ಕರೆಂಟ್ ದಾರಿ ತಪ್ಪಿ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್. 30 ಮಿಲಿ ಆಂಪಿಯರಿನದು ಹಾಕಿಸಿ, ಅದರ ಮೇಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಬಚ್ಚಲಿನ ಒದ್ದೆ ಕೈಗೆ ಶಾಕ್ ಹೊಡೆಯುವ ಕ್ಷಣದಲ್ಲಿ ಎಂಸಿಬಿ ಬೀಳುವುದಿಲ್ಲ, ಅದಕ್ಕೆ ಆ ಕರೆಂಟ್ ಏನೇನೂ ಅಲ್ಲ. ಅರ್ತಿಂಗ್ ಗುಂಡಿಗೆ ನಾವು ಬೇಸಿಗೆಯಲ್ಲಿ ನೀರು ಹಾಕುತ್ತೇವೆ, ಮಣ್ಣು ಒಣಗಿದರೆ ಕರೆಂಟ್ ಭೂಮಿಗೆ ಇಳಿಯುವುದು ಕಷ್ಟ. ಚಿತ್ರದುರ್ಗದ ಕಲ್ಲು ನೆಲದಲ್ಲಿ ಇದು ಇನ್ನೂ ಕಷ್ಟ. ನಮ್ಮ ಗೆಳೆಯರ ಮನೆಯಲ್ಲಿ ಒಂದು ಗುಂಡಿ ಸಾಲದೆ ಎರಡು ತೋಡಿಸಿ ಜೋಡಿಸಬೇಕಾಯಿತು. ಗುಂಡಿ ತೋಡಿ ಪೈಪ್ ಇಳಿಸಿದರೆ ಮುಗಿಯಲಿಲ್ಲ, ಅರ್ತ್ ಟೆಸ್ಟರ್ ತಂದು ಅಳೆಯುವವರ ಕೈಲಿ ಅಳೆಸಿ.

ಯುಪಿಎಸ್ ಇರುವ ಮನೆಯವರು ಇದನ್ನು ದಯವಿಟ್ಟು ಓದಿ. ಮೇನ್ ಆಫ್ ಮಾಡಿದ ಮೇಲೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಬೋರ್ಡ್ ಬಿಚ್ಚುವ ಮುಂಚೆ ಅದನ್ನೂ ಆಫ್ ಮಾಡಿ, ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್‌ನಲ್ಲಿ ಹಿಡಿದು ಅದು ಕೆಲಸ ಮಾಡುತ್ತಿದೆಯಾ ನೋಡಿ, ಆಮೇಲೆ ಬಿಚ್ಚುವ ಕಡೆ ಹಿಡಿಯಿರಿ. ಮೀಟರಿನ ಸೀಲ್ ಮತ್ತು ಅದರಾಚೆಯದ್ದು ಬೆಸ್ಕಾಂನವರ ಕೆಲಸ, ಅದಕ್ಕೆ ಕೈ ಹಾಕಲೇಬೇಡಿ. ಮೂರು ಫೇಸ್ ಇರುವವರು ಲೈಟುಗಳು ಕೆಲವು ತುಂಬಾ ಪ್ರಖರವಾಗಿ ಕೆಲವು ಮಂಕಾಗಿ ಉರಿಯತೊಡಗಿದರೆ ತಕ್ಷಣ ಮೇನ್ ಆಫ್ ಮಾಡಿ. ನ್ಯೂಟ್ರಲ್ ಕಡಿದಿರಬಹುದು, ಟಿವಿ ಫ್ರಿಡ್ಜ್ ಎಲ್ಲಾ ಒಟ್ಟಿಗೆ ಹೋಗುತ್ತವೆ.

ಮೇಲ್ಮನೆಯನ್ನು ಈ ಸಲ ಬಾಡಿಗೆಯವರು ಖಾಲಿ ಮಾಡಿದಾಗ ಪೂರ್ತಿ ಬದಲಿಸಿದೆವು. ಪೈಪ್ ಸಣ್ಣದಾಗಿದ್ದರಿಂದ ಹಳೇ ವೈರ್ ಎಳೆದು ಹೊಸದು ತೂರಿಸಲು ಎಷ್ಟೋ ಕಡೆ ಆಗಲೇ ಇಲ್ಲ, ಗೋಡೆ ಒಡೆದು ಮತ್ತೆ ಗಾರೆ, ಮತ್ತೆ ಬಣ್ಣ. ವೈರಿಗಿಂತ ಅದರ ಖರ್ಚೇ ಜಾಸ್ತಿ ಆಯಿತು. ಅಲ್ಲಿ ಎಫ್‌ಆರ್‌ಎಲ್‌ಎಸ್‌ಎಚ್ ಹಾಕಿಸಿದ್ದೇವೆ, ಮೆಟ್ಟಿಲು ಒಂದೇ ಇರುವುದರಿಂದ ಹೊಗೆ ತುಂಬಿದರೆ ಇಳಿಯಲು ದಾರಿ ಕಾಣುವುದಿಲ್ಲ ಅಂತ. ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಪೈಪ್ ದಾರಿಯ ಫೋಟೊ ತೆಗೆದು, ಯಾವ ಎಂಸಿಬಿ ಯಾವ ಕೋಣೆಗೆ ಅಂತ ಬರೆದ ಚೀಟಿ ಮತ್ತು ಕಾಯಿಲ್‌ಗಳ ಬಿಲ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ನೀವೂ ಕಾಂಟ್ರಾಕ್ಟ್ ಬರೆಸುವಾಗ ವೈರಿನ ಕಂಪನಿ, ಅಳತೆ, ಪ್ರತಿ ಲೈನಿನ ಎಂಸಿಬಿ ಆಂಪಿಯರ್ ಎಲ್ಲವನ್ನೂ ಕಾಗದದಲ್ಲಿ ಬರೆಸಿ, ಆಗದಿದ್ದರೆ ವೈರ್ ಮಾತ್ರ ನೀವೇ ತಂದುಕೊಡಿ.