ಐದು ಕ್ರಿಸ್‌ಮಸ್ ಬಿಯರ್, ಆರನೆಯದು ನನ್ನದು

ನಾನು ಶಿರಸಿಯವಳು. ಏಲಕ್ಕಿ, ಕಾಳುಮೆಣಸು ಒಣಗಿಸುವ ಅಂಗಳದಲ್ಲಿ ಬೆಳೆದವಳು. ಹಾಗಾಗಿ ಮಸಾಲೆ ಹಾಕಿದ ಬಿಯರ್ ಅಂದರೆ ನನಗೆ ಆಸೆಯೂ ಜಾಸ್ತಿ, ತಕರಾರೂ ಜಾಸ್ತಿ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಮನೆಯಲ್ಲೇ ಬಿಯರ್ ಮಾಡುವವರ ನಮ್ಮ ಹೋಂಬ್ರೂ ಕ್ಲಬ್ಬಿನವರು ಪ್ರತಿ ಡಿಸೆಂಬರಿನಲ್ಲಿ ಒಂದು ಸಂಜೆ ಹಬ್ಬದ ಬಿಯರ್‌ಗಳ ರುಚಿ ನೋಡಲು ಸೇರುತ್ತೇವೆ. ಈ ಸಲ ಹನ್ನೊಂದು ಜನ, ಒಬ್ಬರ ಗ್ಯಾರೇಜು, ಮೂಲೆಯಲ್ಲೊಂದು ಹೀಟರು. ಹೊರಗೆ ಹಿಮ. ನಮ್ಮನೆಯವರು ಕುಡಿಯುವುದಿಲ್ಲ, ಅದಕ್ಕೇ ಕಾರಿನ ಕೀಲಿ ಅವರ ಕೈಯಲ್ಲಿ. ಒಂದೊಂದು ಬಿಯರ್ ತಲಾ 60 ಮಿ.ಲೀ. ನಾನು ಒಯ್ದಿದ್ದ ಚಕ್ಕುಲಿ ಕೊನೆಗಿರಲಿ ಅಂದರು. ಖಾರ ನಾಲಿಗೆಗೆ ಹತ್ತಿದರೆ ಬಿಯರಿನ ರುಚಿ ತಿಳಿಯುವುದಿಲ್ಲ, ಸರಿಯಾದ ಮಾತೇ. ಸ್ಪರ್ಧೆಗಳಲ್ಲಿ ಬಳಸುವ ಹಾಳೆಯಲ್ಲೇ ಅಂಕ ಹಾಕುತ್ತೇವೆ. ಒಟ್ಟು 50. ರುಚಿಗೆ 20, ಪರಿಮಳಕ್ಕೆ 12, ನೋಟಕ್ಕೆ ಬರೀ 3.

ಮೊದಲು ಸಿಯೆರಾ ನೆವಾಡಾ ಕಂಪನಿಯ ಸೆಲೆಬ್ರೇಷನ್. 1981ರಿಂದ ಬರುತ್ತಿರುವ ಬಿಯರ್, 6.8% ಆಲ್ಕೋಹಾಲ್. ಹಬ್ಬದ ಬಿಯರ್ ಅಂದ ಕೂಡಲೇ ಚಕ್ಕೆ ಲವಂಗ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಇದರಲ್ಲಿ ಒಂದು ಚೂರೂ ಇಲ್ಲ. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು, ಅದೂ ಆ ವರ್ಷದ ಸುಗ್ಗಿಯದು, ಅದೇ ಇದರ ಹಬ್ಬ. ಮೂಸಿದರೆ ಚಕ್ಕೋತದ ಸಿಪ್ಪೆ, ಹಿಂದೆಯೇ ಧೂಪದ ಮರದ ರಾಳ. ಕಹಿ ಚೆನ್ನಾಗಿಯೇ ಇದೆ, ಆದರೆ ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ಅದನ್ನು ಹಿಡಿದುಕೊಂಡಿದೆ. ನಾನು 42 ಕೊಟ್ಟೆ.

ಎರಡನೆಯದು ಕ್ಲೀವ್‌ಲ್ಯಾಂಡಿನದೇ, ಗ್ರೇಟ್ ಲೇಕ್ಸ್ ಕಂಪನಿಯ ಕ್ರಿಸ್‌ಮಸ್ ಏಲ್. ಏಲ್ ಅಂದರೆ ಬಿಯರಿನ ಒಂದು ಬಗೆ. ಜೇನುತುಪ್ಪ, ಹಸಿ ಶುಂಠಿ, ಚಕ್ಕೆ ಹಾಕಿ ಮಾಡುತ್ತಾರೆ, 7.5%. ಈ ಊರಿನವರಿಗೆ ಇದರ ಮೇಲೆ ಎಷ್ಟು ಪ್ರೀತಿ ಅಂದರೆ ಅಕ್ಟೋಬರಿನಿಂದಲೇ ಬಂತಾ, ಬಂತಾ ಅಂತ ಕೇಳುತ್ತಿರುತ್ತಾರೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದಾಗ ನನಗೆ ಬರೀ ಚಕ್ಕೆ ಸಿಕ್ಕಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಇಪ್ಪತ್ತು ನಿಮಿಷ ಕಾದೆ. ಆಮೇಲೆ ಮೂಸಿದರೆ ಜೇನು ಮೇಲೆ ಬಂದಿತ್ತು. ಶುಂಠಿ ಗಂಟಲಲ್ಲಿ ಬೆಚ್ಚಗೆ ನಿಂತಿತು, ಆಯಿ ಮಾಡುವ ಕಷಾಯದ ಹಾಗೆ. ಇಲ್ಲಿನ ಬಾರುಗಳಲ್ಲಿ ಲೋಟದ ಅಂಚಿಗೆ ಸಕ್ಕರೆ, ಚಕ್ಕೆಪುಡಿ ಹಚ್ಚಿ ಕೊಡುತ್ತಾರೆ. ದಯವಿಟ್ಟು ಒಮ್ಮೆ ಅದಿಲ್ಲದೆ ಕುಡಿದು ನೋಡಿ. ಇಷ್ಟು ಒಳ್ಳೆಯ ಶುಂಠಿ ಆ ಸಕ್ಕರೆಯ ಕೆಳಗೆ ಮುಚ್ಚಿಹೋಗಬಾರದು. 43.

ಆಮೇಲೆ ಒಬ್ಬರು ಜೋಪಾನವಾಗಿ ಕಾಯ್ದಿಟ್ಟಿದ್ದ ಆಂಕರ್ ಕ್ರಿಸ್‌ಮಸ್ ಏಲ್ ತೆಗೆದರು. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಕಂಪನಿ 1975ರಿಂದ ವರ್ಷ ವರ್ಷವೂ ಹೊಸ ಪಾಕದಲ್ಲಿ ಇದನ್ನು ಮಾಡುತ್ತಿತ್ತು, ಲೇಬಲ್ಲಿನ ಮೇಲೆ ಪ್ರತಿ ಸಲ ಬೇರೆ ಮರ. 2023ರಲ್ಲಿ ಕೆಲಸ ನಿಲ್ಲಿಸಿತು. ನಮ್ಮದು 2022ರ ಬಾಟಲಿ. ವಯಸ್ಸಾಗಿತ್ತು, ಸ್ವಲ್ಪ ಒದ್ದೆ ರಟ್ಟಿನ ವಾಸನೆ. ಆದರೂ ಒಳಗೆ ಉತ್ತುತ್ತೆ, ಕೋಕೋ ಇನ್ನೂ ಉಳಿದಿದ್ದವು. ಯಾರೂ ಅಂಕ ಹಾಕಲಿಲ್ಲ. ಮರದ ಚಿತ್ರ ನೋಡುತ್ತಾ ನಿಧಾನಕ್ಕೆ ಕುಡಿದೆವು.

ಪೆನ್ಸಿಲ್ವೇನಿಯಾದ ಟ್ರೋಗ್ಸ್‌ನವರ ಮ್ಯಾಡ್ ಎಲ್ಫ್ 11%. ಚೆರ್ರಿ, ಜೇನು. ಬಣ್ಣ ನೋಡಿದರೆ ಕೋಕಂ ಶರಬತ್ತು. ಲವಂಗದಂಥ ಒಂದು ರುಚಿ ಬರುತ್ತದೆ, ಅದು ಬೆಲ್ಜಿಯನ್ ಯೀಸ್ಟಿನ ಕೆಲಸ. ಚೆನ್ನಾಗಿದೆ, ನನಗೆ ಒಂದು ಸಣ್ಣ ಲೋಟ ಸಾಕು. 38.

ಕೊನೆಗೆ ಸಾಮಿಕ್ಲೌಸ್. ಜ್ಯೂರಿಕ್‌ನಲ್ಲಿ ಹುಟ್ಟಿದ್ದು, ಈಗ ಆಸ್ಟ್ರಿಯಾದ ಎಗ್ಗೆನ್‌ಬರ್ಗಿನಲ್ಲಿ ತಯಾರಾಗುತ್ತದೆ. ವರ್ಷಕ್ಕೆ ಒಂದೇ ಸಲ, ಡಿಸೆಂಬರ್ 6ರಂದು, ಸಂತ ನಿಕೋಲಸನ ದಿನ ಕುದಿಸುತ್ತಾರೆ. ತಿಂಗಳುಗಟ್ಟಲೆ ಮಾಗಿದ ಮೇಲೆ ಬಾಟಲಿಗೆ. 14%! ನೊರೆ ಇಲ್ಲವೇ ಇಲ್ಲ ಅನ್ನಬಹುದು. ಮೊದಲ ಗುಟುಕಿಗೇ ನನಗೆ ನಮ್ಮ ಕಡೆಯ ಜೋನಿ ಬೆಲ್ಲದ ನೆನಪಾಯಿತು. ತಳದಲ್ಲಿ ಕುಳಿತ ಗಟ್ಟಿ ಬೆಲ್ಲ, ಒಣದ್ರಾಕ್ಷಿ, ಆಮೇಲೆ ಎದೆಯಲ್ಲಿ ಬಿಸಿ. ಮಸಾಲೆ ಹಾಕದೆ ಇಷ್ಟು ಪರಿಮಳ ಬರೀ ಮಾಲ್ಟಿನಿಂದ, ಕಾಯುವುದರಿಂದ ಬರುತ್ತದೆ ಅಂದರೆ ನನಗೆ ಇನ್ನೂ ಆಶ್ಚರ್ಯ. 45, ಆ ಸಂಜೆಯಲ್ಲಿ ನಾನು ಕೊಟ್ಟ ಅತಿ ಹೆಚ್ಚು ಅಂಕ.

ಚಕ್ಕುಲಿಯ ಜೊತೆ ನನ್ನದೂ ಹೊರಬಂತು. ಏಲಕ್ಕಿ, ಜೋನಿ ಬೆಲ್ಲ ಹಾಕಿದ ಪೋರ್ಟರ್ ಅನ್ನುವ ಕಡು ಬಣ್ಣದ ಬಿಯರ್, 19 ಲೀಟರ್ ಮಾಡಿದ್ದೆ. ಹೋದ ವರ್ಷ ಏಲಕ್ಕಿಯನ್ನು ಶುರುವಿನಲ್ಲೇ ಹಾಕಿ ಒಂದು ಗಂಟೆ ಕುದಿಸಿದ್ದೆ. ಪರಿಮಳವೆಲ್ಲ ಆವಿಯಾಗಿ ಒಗರು ಮಾತ್ರ ಉಳಿದಿತ್ತು. ಈ ಸಲ ಕ್ಲಬ್ಬಿನ ಹಿರಿಯರೊಬ್ಬರು ಹೇಳಿದ ಹಾಗೆ ಜಜ್ಜಿದ ಏಲಕ್ಕಿಯನ್ನು ವೋಡ್ಕಾದಲ್ಲಿ ನೆನೆಸಿಟ್ಟು, ಬಾಟಲಿಗೆ ತುಂಬುವ ದಿನ ಸೋಸಿ, ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಪರಿಮಳ ಹಾಗೇ ನಿಂತಿದೆ. ಬೆಲ್ಲದ ಸಿಹಿಯನ್ನು ಮಾತ್ರ ಯೀಸ್ಟ್ ಪೂರ್ತಿ ತಿಂದುಬಿಟ್ಟಿದೆ, ಬಾಯಿಗೆ ತೆಳು ಅನ್ನಿಸುತ್ತದೆ. ಆ ಹಿರಿಯರು 34 ಕೊಟ್ಟು, ಮುಂದಿನ ಸಲ ಬೆಲ್ಲ ಕಡಿಮೆ ಮಾಡಿ, ಸಿಹಿ ಉಳಿಸುವ ಕ್ರಿಸ್ಟಲ್ ಮಾಲ್ಟ್ ಹೆಚ್ಚಿಸು ಅಂದರು.

ಕೊಳ್ಳುವವರಿಗೆ ಒಂದೆರಡು ಮಾತು. ಸೆಲೆಬ್ರೇಷನ್ ಇಟ್ಟುಕೊಳ್ಳಬೇಡಿ, ಹಾಪ್ಸ್ ಪರಿಮಳ ಬೇಗ ಹೋಗುತ್ತದೆ. ಗ್ರೇಟ್ ಲೇಕ್ಸ್ ಕೂಡ ಈ ಚಳಿಯಲ್ಲೇ ಮುಗಿಸಿ. ಸಾಮಿಕ್ಲೌಸ್ ಎರಡು ಬಾಟಲಿ ತನ್ನಿ. ಒಂದನ್ನು ನಾಲ್ಕು ಜನ ಹಂಚಿಕೊಂಡು ಕುಡಿಯಿರಿ, ಇನ್ನೊಂದನ್ನು ಬೇಸ್‌ಮೆಂಟಿನ ಕತ್ತಲೆ ಮೂಲೆಯಲ್ಲಿಡಿ. ನಮ್ಮ ಮನೆಯಲ್ಲಿ ಅದು ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿದೆ.