ಕೋಸ್ಟ್ ಗಾರ್ಡ್ ಪರೀಕ್ಷೆಗೆ ಹಾಸನದಲ್ಲೇ ಕೋಚಿಂಗ್: ಸೇರಿಸಬಹುದಾ?

ಸಾಲಗಾಮೆ ರಸ್ತೆಯ ಮಹಡಿ ಮೇಲಿನ ಈ ಕ್ಲಾಸಿಗೆ ಮಕ್ಕಳನ್ನು ಸೇರಿಸಬಹುದಾ ಅಂತ ತುಂಬಾ ಜನ ಕೇಳುತ್ತಿದ್ದಾರೆ. ನನ್ನ ಮಗ ಪಿಯುಸಿ ಸೈನ್ಸ್ ಮುಗಿಸಿ ಕೋಸ್ಟ್ ಗಾರ್ಡ್‌ನ ನಾವಿಕ್ ಜಿಡಿ (ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಕೆಲಸದ ನಾವಿಕ ಹುದ್ದೆ) ಪರೀಕ್ಷೆಗೆ ಅಲ್ಲೇ ಓದುತ್ತಿದ್ದಾನೆ. ಧೈರ್ಯವಾಗಿ ಸೇರಿಸಿ ಅಂತಲೇ ನನ್ನ ಮಾತು. ಬೇಸರದ ವಿಷಯಗಳೂ ಇವೆ, ಮುಂದೆ ಹೇಳುತ್ತೇನೆ.

ಮುಖ್ಯ ಕಾರಣ ಅಲ್ಲಿನ ಮೇಷ್ಟ್ರು. ಅರಕಲಗೂಡು ಕಡೆಯವರು, ಕೋಸ್ಟ್ ಗಾರ್ಡ್ ಹಡಗಿನಲ್ಲಿ ದುಡಿದು ನಿವೃತ್ತರಾದವರು. ಬೇರೆ ಕಡೆ ಹಳೇ ಪ್ರಶ್ನೆಪತ್ರಿಕೆ ಕೊಟ್ಟು ಉರು ಹೊಡೆಸುತ್ತಾರೆ. ಇವರು ಮೊದಲು ಆ ಕೆಲಸ ಏನು ಅಂತ ತಿಳಿಸುತ್ತಾರೆ. ಅಪ್ಪ ಅಮ್ಮಂದಿರೂ ಕ್ಲಾಸಿನಲ್ಲಿ ಕೂತು ನೋಡಬಹುದು. ನಾನೂ ಕೂತಿದ್ದೆ.

ಮೇಜಿನ ತುಂಬಾ ಕರಾವಳಿಯ ಚಾರ್ಟ್ (ಕಡಲ ನಕ್ಷೆ) ಹರಡಿ, ಮೂಲೆ ಮಡಚದ ಹಾಗೆ ಪುಸ್ತಕ ಇಟ್ಟಿದ್ದರು. ಹುಡುಗರ ಕೈಯಲ್ಲಿ ಜಾಮೆಟ್ರಿ ಬಾಕ್ಸಿನ ಡಿವೈಡರ್. "ಕೆಳಗಿನ ಪಟ್ಟಿಯಲ್ಲಿ ಅಳೀಬೇಡ್ರೋ, ಪಕ್ಕದ ಅಕ್ಷಾಂಶದ ಪಟ್ಟಿ ನೋಡಿ. ಅಲ್ಲಿ ಒಂದು ಮಿನಿಟು ಅಂದ್ರೆ ಒಂದು ನಾಟಿಕಲ್ ಮೈಲಿ" ಅಂದರು. ಇಲ್ಲಿ ಮಿನಿಟು ಅಂದರೆ ಡಿಗ್ರಿಯ 60ರಲ್ಲಿ ಒಂದು ಭಾಗ; ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಮಗ 12 ಮಿನಿಟಿಗೆ ಡಿವೈಡರ್ ಅಗಲಿಸಿ, ಮಲ್ಪೆಯಿಂದ ಪಡುವಣಕ್ಕೆ ಇಟ್ಟ. ಹೆಚ್ಚು ಕಡಿಮೆ ಅಲ್ಲಿಗೆ ದೇಶದ ಸ್ವಂತ ಕಡಲು ಮುಗಿಯುತ್ತದೆ. ಅಷ್ಟರವರೆಗೆ ಕರಾವಳಿ ಕಾವಲು ಪೊಲೀಸರ ಹೊಣೆ. ಆಮೇಲೆ 200 ನಾಟಿಕಲ್ ಮೈಲಿವರೆಗೆ, ಮೀನು ಮತ್ತು ತೈಲದ ಹಕ್ಕು ನಮಗಿರುವ ನೀರಿನಲ್ಲಿ, ಕೋಸ್ಟ್ ಗಾರ್ಡ್ ಗಸ್ತು. ಅದರಾಚೆ ನೌಕಾಪಡೆ. 200 ಮೈಲಿ ಅಂದರೆ ಸುಮಾರು 370 ಕಿ.ಮೀ. ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿ ಹಾಸನಕ್ಕೆ ವಾಪಸ್ ಬಂದಷ್ಟು ದೂರ!

ಆಮೇಲೆ 2008ರ ಮುಂಬೈ ದಾಳಿಯ ಪಾಠ. ಬಂದ 10 ಜನ ಪೋರಬಂದರಿನ ಕುಬೇರ್ ಅನ್ನೋ ಮೀನು ದೋಣಿಯನ್ನೇ ನಡುಗಡಲಲ್ಲಿ ಹಿಡಿದು, ಅದರಲ್ಲಿದ್ದವರನ್ನು ಕೊಂದು, ಮುಂಬೈ ಹತ್ತಿರ ರಬ್ಬರ್ ದೋಣಿಗೆ ಇಳಿದಿದ್ದರು. ಆಮೇಲೆ ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್, ದಡದುದ್ದಕ್ಕೂ ರೇಡಾರ್, ಸಾಗರ ಕವಚ ಅಣಕು ಕಾರ್ಯಾಚರಣೆ ಎಲ್ಲ ಬಂದವು. "ಎಷ್ಟೇ ರೇಡಾರ್ ಇರಲಿ, ಗೊತ್ತಿಲ್ಲದ ದೋಣಿ ಮೊದಲು ಕಣ್ಣಿಗೆ ಬೀಳೋದು ಮೀನುಗಾರನಿಗೇ. ಅವನ ಹತ್ರ ಮರ್ಯಾದೆಯಿಂದ ಮಾತಾಡೋದು ಕಲೀರಿ" ಅಂತ ಮೇಷ್ಟ್ರು ಹೇಳಿದ್ದು ನನಗೆ ಬಹಳ ಹಿಡಿಸಿತು. ಕಾವಲು ಅಂದರೆ ಬರೀ ಬಂದೂಕು ಅಲ್ಲ, ಅಲ್ವಾ? 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಅನ್ನೋ ಮೀನು ದೋಣಿ 7 ಮೀನುಗಾರರ ಸಮೇತ ಕಾಣೆಯಾಗಿತ್ತು. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲಲ್ಲಿ. ಆ ಮನೆಯವರ ಬಗ್ಗೆ ಹೇಳುವಾಗ ಮೇಷ್ಟ್ರ ಗಂಟಲು ಕಟ್ಟಿತ್ತು. ಕಡಲಲ್ಲಿ ಅಪಾಯವಾದರೆ ಕರೆಯುವ 1554 ನಂಬರನ್ನು ಹುಡುಗರ ಕೈಲಿ ಬರೆಸಿದರು.

ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಓಟ. 7 ನಿಮಿಷದಲ್ಲಿ 1.6 ಕಿ.ಮೀ., ಜೊತೆಗೆ 20 ಬಸ್ಕಿ, 10 ಪುಷ್‌ಅಪ್. ಚೆನ್ನಾಗಿಯೇ ಮಾಡಿಸುತ್ತಾರೆ.

ಇನ್ನು ಬೇಸರ. ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ, ಫಿಸಿಕ್ಸ್ ಗೊತ್ತಿದ್ದರೂ ಪ್ರಶ್ನೆ ಅರ್ಥ ಆಗದೆ ಒದ್ದಾಡುತ್ತಾರೆ. ಅವರಿಗೆ ಬೇರೆ ಬ್ಯಾಚ್ ಬೇಕೇ ಬೇಕು. ಈಜು ಕಲಿಸುವ ಏರ್ಪಾಡೂ ಇಲ್ಲ. ಕಡಲಿನ ಕೆಲಸಕ್ಕೆ ಹೊರಟ ಬಯಲುಸೀಮೆ ಮಕ್ಕಳಿಗೆ ಇದು ದೊಡ್ಡ ಕೊರತೆ.

ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಮಗನ ಗೆಳೆಯನ ವಿಷಯ. ನಾವಿಕ್ ಜಿಡಿಗೆ ಕನ್ನಡಕ ಇಲ್ಲದೆ ಒಂದು ಕಣ್ಣಿನ ದೃಷ್ಟಿ 6/6, ಇನ್ನೊಂದರದು 6/9 ಇರಬೇಕು. ಆಫೀಸಿನವರು ಇದನ್ನು ಹೇಳದೆ ಆ ಕನ್ನಡಕದ ಹುಡುಗನಿಂದ ಪೂರ್ತಿ ಫೀಸು ಕಟ್ಟಿಸಿಕೊಂಡರು. ಅವರ ಮನೆಯವರು ಆಲೂಗಡ್ಡೆ ಮಾರಿದ ದುಡ್ಡು ಅದು. ಮೇಷ್ಟ್ರು ಜಗಳ ಆಡಿ ಅರ್ಧ ವಾಪಸ್ ಕೊಡಿಸಿದರು. ಹಾಗಾಗಿ ಸುಮ್ನೆ ದುಡ್ಡು ಕಟ್ಟಬೇಡಿ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸಿಕೊಳ್ಳಿ, ಆಮೇಲೆ ಕ್ಲಾಸಿನ ಮೆಟ್ಟಿಲು ಹತ್ತಿ.